ಉಪ್ಪು ಪುಡಿಯಾಗುತ್ತದೆ, ತಾಮ್ರ ಯಾಕೆ ಆಗುವುದಿಲ್ಲ?

ಪ್ರಶ್ನೆ: ಮಗಳು ಹತ್ತನೇ ಕ್ಲಾಸು. ಉಪ್ಪಿನಲ್ಲಿರುವುದೆಲ್ಲ ಅಯಾನುಗಳೇ, ಅಂದರೆ ವಿದ್ಯುತ್ ಆವೇಶ (ಚಾರ್ಜ್) ಇರುವ ಪರಮಾಣುಗಳೇ ಅಂತ ಓದಿದ್ದಾಳೆ. ಹಾಗಿದ್ದರೆ ಉಪ್ಪಿನ ಹರಳಿನಲ್ಲಿ ಕರೆಂಟ್ ಯಾಕೆ ಹರಿಯುವುದಿಲ್ಲ ಅಂತ ಕೇಳುತ್ತಾಳೆ. ಸುತ್ತಿಗೆಯಿಂದ ಹೊಡೆದರೆ ಉಪ್ಪು ಪುಡಿ, ತಾಮ್ರ ಚಪ್ಪಟೆ. ಇವೆರಡಕ್ಕೂ ಸಂಬಂಧ ಇದೆಯಾ?

ಉತ್ತರ: ಖಂಡಿತ ಇದೆ. ಒಳಗೆ ಯಾವುದಕ್ಕೆ ಓಡಾಡಲು ಬಿಡುವಿದೆ ಅನ್ನುವುದರ ಮೇಲೆ ಎರಡೂ ನಿಂತಿವೆ. ಆವೇಶ ಇದ್ದರಷ್ಟೇ ಸಾಲದು, ಅದು ಜಾಗ ಬಿಟ್ಟು ಕದಲಬೇಕು.

ಕಲ್ಲುಪ್ಪಿನ ಒಂದು ಹರಳನ್ನು ಭೂತಗನ್ನಡಿಯಲ್ಲಿ ನೋಡಿ. ಅಂಚು ನೇರ, ಮೂಲೆ ಚೌಕ. ಒಡೆದರೂ ಚಪ್ಪಟೆ ಮುಖಗಳೇ ಸಿಗುತ್ತವೆ. ಯಾಕೆಂದರೆ ಧನ ಆವೇಶದ ಒಂದೊಂದು ಸೋಡಿಯಂ ಅಯಾನಿನ ಸುತ್ತ ಋಣ ಆವೇಶದ 6 ಕ್ಲೋರೈಡ್, ಒಂದೊಂದು ಕ್ಲೋರೈಡ್ ಸುತ್ತ 6 ಸೋಡಿಯಂ, ಹೀಗೇ ಹರಳಿನ ಈ ತುದಿಯಿಂದ ಆ ತುದಿವರೆಗೂ ಸಾಲು ಹಿಡಿದು ಕೂತಿರುತ್ತವೆ. ಹರಳಿನಲ್ಲಿ ‘ಉಪ್ಪಿನ ಒಂದು ಅಣು’ ಅಂತ ಬೇರೆ ಇಲ್ಲವೇ ಇಲ್ಲ. 1913ರಲ್ಲಿ ಭೌತವಿಜ್ಞಾನಿ ಲಾರೆನ್ಸ್ ಬ್ರಾಗ್ ಎಕ್ಸ್-ರೇ ಹಾಯಿಸಿ ಇದನ್ನು ತೋರಿಸಿದರು. ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ಹಿರಿಯ ರಸಾಯನ ವಿಜ್ಞಾನಿ 1927ರಲ್ಲೂ ಇದನ್ನು ಒಪ್ಪದೆ ‘ನೇಚರ್’ ಪತ್ರಿಕೆಗೆ ಬರೆದು ಜಗಳ ತೆಗೆದಿದ್ದರು. ಆದ್ದರಿಂದ ಮಗಳಿಗೆ ಗೊಂದಲ ಆದರೆ ಬೇಜಾರು ಬೇಡ.

ಈಗ ಸುತ್ತಿಗೆ ಪೆಟ್ಟು ಬಿತ್ತು ಅನ್ನಿ. ಒಂದು ಪದರ ಒಂದೇ ಒಂದು ಹೆಜ್ಜೆ ಜರುಗಿದರೂ ಸೋಡಿಯಂ ಎದುರಿಗೆ ಸೋಡಿಯಂ, ಕ್ಲೋರೈಡ್ ಎದುರಿಗೆ ಕ್ಲೋರೈಡ್ ಬರುತ್ತದೆ. ಒಂದೇ ಜಾತಿಯ ಆವೇಶಗಳು, ದೂರ ತಳ್ಳುತ್ತವೆ, ಹರಳು ಅಲ್ಲೇ ಸೀಳುತ್ತದೆ. ತಾಮ್ರದಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಪರಮಾಣುವೂ ಹೊರಗಿನ ಎಲೆಕ್ಟ್ರಾನನ್ನು ಎಲ್ಲರಿಗೂ ಸೇರಿದ್ದು ಅನ್ನುವಂತೆ ಬಿಟ್ಟುಕೊಟ್ಟಿರುತ್ತದೆ. ಪದರ ಎಷ್ಟು ಜರುಗಿದರೂ ಎಲೆಕ್ಟ್ರಾನುಗಳು ನಡುವೆ ಹರಡಿಕೊಂಡು ಹಿಡಿದೇ ಇರುತ್ತವೆ, ಒಡೆಯಲು ಕಾರಣವೇ ಇಲ್ಲ. ಅದೇ ಗುಣದಿಂದ 1 ಗ್ರಾಂ ಚಿನ್ನವನ್ನು 2 ಕಿಲೋಮೀಟರ್ ಉದ್ದದ ತಂತಿಯಾಗಿ ಎಳೆಯಬಹುದು. ಕರೆಂಟ್ ಹೊತ್ತು ಸಾಗುವುದೂ ಈ ಎಲೆಕ್ಟ್ರಾನುಗಳೇ.

ಉಪ್ಪಿನ ಅಯಾನುಗಳು ಕದಲಬೇಕಾದರೆ 801 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಕರಗಿಸಬೇಕು, ಇಲ್ಲವೇ ನೀರಿಗೆ ಹಾಕಬೇಕು. ಎರಡನೆಯದು ಮನೆಯಲ್ಲೇ ಆಗುತ್ತದೆ ಅಲ್ವಾ?

9 ವೋಲ್ಟ್ ಬ್ಯಾಟರಿ, ಎಲ್‌ಇಡಿ, ಅದರ ಜೊತೆ 470 ಓಮ್ ರೆಸಿಸ್ಟರ್, ಎರಡೂ ತುದಿ ಚೂಪು ಮಾಡಿದ ಎರಡು ಪೆನ್ಸಿಲ್, ಒಂದಿಷ್ಟು ತಂತಿ ಸಾಕು. ಬ್ಯಾಟರಿ, ರೆಸಿಸ್ಟರ್, ಎಲ್‌ಇಡಿ (ಉದ್ದ ಕಾಲು ಬ್ಯಾಟರಿಯ ಪ್ಲಸ್ ಕಡೆಗೆ), ಎರಡು ಪೆನ್ಸಿಲ್ ಇವನ್ನು ಒಂದರ ಹಿಂದೆ ಒಂದು ತಂತಿಯಿಂದ ಜೋಡಿಸಿ, ಎರಡು ಪೆನ್ಸಿಲ್‌ಗಳ ನಡುವೆ ಮಾತ್ರ ಜಾಗ ಬಿಡಿ. ಮನೆಯ ಪ್ಲಗ್ಗಿನ ಕರೆಂಟ್ ಮಾತ್ರ ಬೇಡವೇ ಬೇಡ. ಪೆನ್ಸಿಲ್ ತುದಿಗಳನ್ನು ಮೊದಲು ಒಣ ಉಪ್ಪಿಗೆ ಚುಚ್ಚಿ. ಎಲ್‌ಇಡಿ ಹೊತ್ತುವುದಿಲ್ಲ. ಮಳೆಗಾಲದಲ್ಲಿ ಉಪ್ಪು ತೇವ ಎಳೆದಿದ್ದರೆ ಮಬ್ಬಾಗಿ ಹೊತ್ತಬಹುದು, ಬಾಣಲೆಯಲ್ಲಿ ಹುರಿದು ಆರಿಸಿಕೊಳ್ಳಿ. ಆಮೇಲೆ ನೀರು ಹಾಕಿ. ತಕ್ಷಣ ಬೆಳಕು! ತುದಿಗಳಲ್ಲಿ ಗುಳ್ಳೆ ಏಳುತ್ತವೆ, ಒಂದು ಕಡೆ ಬ್ಲೀಚಿಂಗ್ ಪೌಡರ್ ತರಹದ ವಾಸನೆ. ಅದು ಕ್ಲೋರಿನ್. ಕಿಟಕಿ ತೆಗೆದಿಟ್ಟು ಅರ್ಧ ನಿಮಿಷ ಮಾತ್ರ ಮಾಡಿ, ಮೂಗು ಹತ್ತಿರ ಒಯ್ಯಬೇಡಿ.

ನಂತರ ಉಪ್ಪಿನ ಬದಲು ಸಕ್ಕರೆ ಹಾಕಿ ನೋಡಲಿ. ಬೋರ್‌ವೆಲ್ ನೀರಲ್ಲೇ ಲವಣ ಜಾಸ್ತಿ ಇರುತ್ತದೆ, ಹಾಗಾಗಿ ಎರಡು ಸಲವೂ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ಸಕ್ಕರೆ ಪೂರ್ತಿ ಕರಗಿದರೂ ಎಲ್‌ಇಡಿ ಹೊತ್ತುವುದಿಲ್ಲ. ಯಾಕೆ ಅಂತ ಮಗಳೇ ಹೇಳಲಿ, ಅವಳಿಗೆ ಈಗ ಗೊತ್ತಾಗುತ್ತದೆ.