ಓದುಗರ ಪ್ರಶ್ನೆ: ಹಳೆಯ ಕೇಪಿನ ಕೋವಿಗೆ ಬಿಡಿಭಾಗ ಎಲ್ಲಿ ಸಿಗುತ್ತದೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಮೂತಿಯಿಂದ ಮದ್ದು ತುಂಬುವ ಹಳೆಯ ರೈಫಲ್ ಒಂದಿದೆ. ಅದಕ್ಕೆ ಪರವಾನಗಿಯೂ ಇದೆ. ಲಾಕಿನ (ಕೋವಿ ಹಾರಿಸುವ ಯಂತ್ರದ) ತಗಡಿನ ಮೇಲೆ ಕಿರೀಟದ ಗುರುತು, ‘ಟವರ್’ ಎಂಬ ಪದ ಮತ್ತು 1861 ಎಂಬ ಇಸವಿ ಕಾಣಿಸುತ್ತವೆ. ಕುದುರೆಯನ್ನು (ಕೇಪನ್ನು ಬಡಿಯುವ ಸುತ್ತಿಗೆಯಂಥ ಭಾಗವನ್ನು) ಅರ್ಧಕ್ಕೆ ಎತ್ತಿ ನಿಲ್ಲಿಸಿದರೆ ನಿಲ್ಲದೆ ಜಾರುತ್ತದೆ. ಕೇಪು, ಅಂದರೆ ಬಡಿದರೆ ಕಿಡಿ ಕೊಡುವ ಸಣ್ಣ ಲೋಹದ ಟೋಪಿ, ಕೂರಿಸುವ ನಿಪ್ಪಲ್‌ನ ಬಾಯಿ ಸವೆದು ಅಂಕುಡೊಂಕಾಗಿದೆ. ‘ಎನ್‌ಫೀಲ್ಡ್ ರೈಫಲ್‌ಗೆ ಹೊಂದುತ್ತದೆ’ ಎಂಬ ವಿವರಣೆ ನೋಡಿ ಹೊಸ ನಿಪ್ಪಲ್ ತರಿಸಿದೆ; ಅದು ಎರಡು ಸುತ್ತು ಒಳಹೋಗಿ ಅಲ್ಲೇ ಅಲ್ಲಾಡುತ್ತದೆ. ಸರಿಯಾದ ಬಿಡಿಭಾಗಗಳನ್ನು ಹುಡುಕುವುದು ಹೇಗೆ?

ಉತ್ತರ: ಅಲ್ಲಾಡುವ ಆ ನಿಪ್ಪಲನ್ನು ಮೊದಲು ಬಿಚ್ಚಿ ಪಕ್ಕಕ್ಕಿಡಿ. ಅದಕ್ಕೆ ನೂಲು ಸುತ್ತಿ ಬಿಗಿ ಮಾಡುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಮದ್ದು ಉರಿದಾಗ ಹುಟ್ಟುವ ಒತ್ತಡವನ್ನು ತಡೆದುಕೊಳ್ಳುವುದು ಆ ನಾಲ್ಕಾರು ಸುತ್ತಿನ ಥ್ರೆಡ್ ಮಾತ್ರ. ಅದು ಕಿತ್ತು ಬಂದರೆ ನಿಪ್ಪಲ್ ಹಾರುವುದು ಹೊಡೆಯುವವನ ಮುಖದ ಕಡೆಗೇ. ಇನ್ನೊಂದು ಮಾತು. ದಶಕಗಳಿಂದ ಮೂಲೆಯಲ್ಲಿ ನಿಂತಿದ್ದ ಕೋವಿಯೊಳಗೆ ಹಳೆಯ ಮದ್ದು, ಗುಂಡು ಹಾಗೆಯೇ ಉಳಿದಿರುವುದು ಅಪರೂಪವಲ್ಲ. ಗಜವನ್ನು (ಮದ್ದು ಒತ್ತಿ ತುಂಬುವ ಕೋಲನ್ನು) ನಳಿಗೆಯ ತಳ ಮುಟ್ಟುವವರೆಗೆ ಇಳಿಸಿ, ಮೂತಿಯ ಮಟ್ಟಕ್ಕೆ ಗುರುತು ಮಾಡಿ, ಅನಂತರ ಅದೇ ಗಜವನ್ನು ನಳಿಗೆಯ ಹೊರಮೈಗೆ ಹಿಡಿದು ನೋಡಿ. ಗಜದ ತುದಿ ನಿಪ್ಪಲ್‌ನ ಬುಡದ ಸಮೀಪಕ್ಕೆ ಬರದೆ ಎರಡು ಬೆರಳಿನಷ್ಟು ಮೊದಲೇ ನಿಂತರೆ ಒಳಗೆ ಏನೋ ಇದೆ ಎಂದೇ ತಿಳಿದು, ಬಿಸಿ ಮಾಡುವ, ಬಡಿಯುವ ಸಾಹಸಕ್ಕೆ ಹೋಗದೆ ಬಲ್ಲ ಕೋವಿ ಕಮ್ಮಾರರಿಗೆ ಒಪ್ಪಿಸಿ.

ಈಗ ಬಿಡಿಭಾಗದ ವಿಚಾರ. ನಿಮ್ಮ ಕೈಗೆ ಹೊಂದದ ನಿಪ್ಪಲ್ ಬಂದದ್ದಕ್ಕೆ ಕಾರಣ ‘ಎನ್‌ಫೀಲ್ಡ್’ ಎಂಬ ಹೆಸರೇ. ಆ ಹೆಸರಿನಲ್ಲಿ ಒಂದಕ್ಕೊಂದು ಹೊಂದದ ಕನಿಷ್ಠ ಮೂರು ಬಗೆಯ ಕೋವಿಗಳಿವೆ. ನೀವು ಹೇಳಿದ ಗುರುತುಗಳು ಬ್ರಿಟಿಷ್ ಸೈನ್ಯದ 1853ರ ಮಾದರಿಯನ್ನು ನೆನಪಿಸುತ್ತವೆ. ಅದರ ನಳಿಗೆಯ ಒಳ ಅಳತೆ 0.577 ಇಂಚು, ಅಂದರೆ 14.7 ಮಿಲಿಮೀಟರಿನ ಆಸುಪಾಸು. ನಳಿಗೆಯ ಉದ್ದ 39 ಇಂಚಿದ್ದು ಅದನ್ನು ಮರಕ್ಕೆ ಬಿಗಿಯುವ ಪಟ್ಟಿಗಳು ಮೂರಿದ್ದರೆ ಅದು ಕಾಲಾಳಿನ ಉದ್ದ ರೈಫಲ್. ಪಟ್ಟಿಗಳು ಎರಡೇ ಇದ್ದು ಉದ್ದ 33 ಇಂಚಿದ್ದರೆ ಅದೇ ಕುಟುಂಬದ ಗಿಡ್ಡ ರೈಫಲ್. ಇಷ್ಟು ತಿಳಿದರೂ ಕೆಲಸ ಮುಗಿಯುವುದಿಲ್ಲ. ಎನ್‌ಫೀಲ್ಡಿನ ಸರ್ಕಾರಿ ಕಾರ್ಖಾನೆಯು 1850ರ ದಶಕದಲ್ಲಿ ಅಮೆರಿಕದ ರಾಬಿನ್ಸ್ ಅಂಡ್ ಲಾರೆನ್ಸ್ ಮುಂತಾದ ಕಂಪನಿಗಳಿಂದ ಯಂತ್ರಗಳನ್ನು ತರಿಸಿಕೊಂಡಿತು. ಅನಂತರ ಅಲ್ಲಿ ಯಂತ್ರದಿಂದ ತಯಾರಾದ ಕೋವಿಗಳ ಬಿಡಿಭಾಗಗಳು ಒಂದರದು ಇನ್ನೊಂದಕ್ಕೆ ಕೂರುತ್ತವೆ. ಅವುಗಳ ಲಾಕಿನ ಮೇಲೆ ‘ಎನ್‌ಫೀಲ್ಡ್’ ಎಂದೇ ಇರುತ್ತದೆ. ‘ಟವರ್’ ಎಂದಿರುವವು ಹೆಚ್ಚಾಗಿ ಬರ್ಮಿಂಗ್‌ಹ್ಯಾಮ್ ಮತ್ತು ಲಂಡನ್ನಿನ ಗುತ್ತಿಗೆದಾರರ ಕೆಲಸ. ಅಲ್ಲಿ ಒಬ್ಬ ಲಾಕು ಮಾಡಿದ, ಇನ್ನೊಬ್ಬ ನಳಿಗೆ ಮಾಡಿದ, ಮೂರನೆಯವನು ಅರದಿಂದ ಉಜ್ಜಿ ಉಜ್ಜಿ ಎಲ್ಲವನ್ನೂ ಕೂಡಿಸಿದ. ಹೀಗಾಗಿ ಅಕ್ಕಪಕ್ಕದಲ್ಲಿ ತಯಾರಾದ ಎರಡು ‘ಟವರ್’ ಕೋವಿಗಳ ತಿರುಪುಗಳು ಸಹ ಅದಲುಬದಲಾಗುವುದಿಲ್ಲ. ನಿಮ್ಮದು ಈ ಗುಂಪಿನದಾದರೆ, ಅಪ್ಪಟ ಹಳೆಯ ಬಿಡಿಭಾಗವನ್ನೇ ಹುಡುಕಿ ತಂದರೂ ಅದನ್ನು ನಿಮ್ಮ ಕೋವಿಗೆ ಕೈಯಿಂದಲೇ ಹೊಂದಿಸಬೇಕಾಗುತ್ತದೆ.

ಮೂರನೆಯ ಬಗೆ ಮರುತಯಾರಿಕೆಗಳದು. ಬರ್ಮಿಂಗ್‌ಹ್ಯಾಮಿನ ಪಾರ್ಕರ್-ಹೇಲ್, ಇಟಲಿಯ ಆರ್ಮಿ ಸ್ಪೋರ್ಟ್ ಮತ್ತು ಪೆಡೆರ್ಸೋಲಿ ಕಂಪನಿಗಳು ಇದೇ ಮಾದರಿಯನ್ನು ಬಹುಕಾಲದ ಅನಂತರ ಮತ್ತೆ ತಯಾರಿಸಿದವು. ಅವುಗಳ ಲಾಕಿನ ಮೇಲೂ ಕಿರೀಟ ಮತ್ತು ಹಳೆಯ ಇಸವಿ ಇರಬಹುದು. ಆದ್ದರಿಂದ ಲಾಕನ್ನು ನಂಬಬೇಡಿ, ನಳಿಗೆಯನ್ನು ಬಿಚ್ಚಿ ಅದರ ಅಡಿಭಾಗವನ್ನು ನೋಡಿ. ಇಟಲಿಯ ಪರೀಕ್ಷಾಲಯದ ಮುದ್ರೆಯ ಪಕ್ಕದ ಚೌಕದಲ್ಲಿ ಎರಡು ಅಕ್ಷರ ಇದ್ದರೆ ಅದು ತಯಾರಿಕೆಯ ವರ್ಷ: ‘ಎಎ’ ಎಂದರೆ 1975, ‘ಎಬಿ’ ಎಂದರೆ 1976. ದೇವನಾಗರಿ ಅಕ್ಷರ, ಅಂಕಿಗಳು ಕಂಡರೆ ನೇಪಾಳದಲ್ಲಿ ಈ ಮಾದರಿಯನ್ನು ನೋಡಿ ಮಾಡಿದ ಕೋವಿ ಇರಬಹುದು. ಅದಕ್ಕೆ ಬೇರೆಲ್ಲಿಯ ಬಿಡಿಭಾಗವೂ ನೇರವಾಗಿ ಕೂರುವ ಭರವಸೆ ಇಲ್ಲ.

ನಿಪ್ಪಲನ್ನು ಹೆಸರಿನಿಂದಲ್ಲ, ಅಳತೆಯಿಂದ ಕೊಳ್ಳಬೇಕು. ಹಳೆಯ ನಿಪ್ಪಲನ್ನು ತುಕ್ಕು ಬಿಡಿಸುವ ಎಣ್ಣೆಯಲ್ಲಿ ನೆನೆಸಿ, ಅದರ ಬುಡಕ್ಕೆ ಸರಿಯಾಗಿ ಕೂರುವ ಕೀಲಿಯಿಂದ ಬಿಚ್ಚಿ, ಥ್ರೆಡ್ಡಿನ ಹೊರವ್ಯಾಸವನ್ನು ಕ್ಯಾಲಿಪರ್‌ನಿಂದಲೂ ಸುತ್ತುಗಳ ಅಂತರವನ್ನು ಪಿಚ್ ಗೇಜಿನಿಂದಲೂ ಅಳೆಯಿರಿ. ಬೇಟೆ ಮಾದರಿಯ ಮರುತಯಾರಿಕೆಗಳಲ್ಲಿ ಸಾಮಾನ್ಯವಾಗಿ ಮೂರು ಅಳತೆಗಳು ಎದುರಾಗುತ್ತವೆ. ಅಮೆರಿಕದವು ಕಾಲು ಇಂಚು ದಪ್ಪ, ಇಂಚಿಗೆ 28 ಸುತ್ತು. ಸ್ಪೇನಿನವು 6 ಮಿಲಿಮೀಟರ್ ದಪ್ಪ, 1 ಮಿಲಿಮೀಟರ್ ಅಂತರ. ಇಟಲಿಯವು ಅಷ್ಟೇ ದಪ್ಪ, 0.75 ಮಿಲಿಮೀಟರ್ ಅಂತರ. ಕಾಲು ಇಂಚು ಎಂದರೆ 6.35 ಮಿಲಿಮೀಟರ್. ಆ ರಂಧ್ರಕ್ಕೆ 6 ಮಿಲಿಮೀಟರಿನ ನಿಪ್ಪಲ್ ಸಲೀಸಾಗಿ ಇಳಿಯುತ್ತದೆ. ಅಪಾಯ ಇರುವುದೇ ಆ ಸಲೀಸಿನಲ್ಲಿ. ಸೈನಿಕ ಕೋವಿಗಳ ನಿಪ್ಪಲ್ ಇವೆಲ್ಲಕ್ಕಿಂತ ದಪ್ಪ, ಅದಕ್ಕೆ ಹಾಕುವ ಅಂಚುಳ್ಳ ಟೋಪಿಯಂಥ ಕೇಪು ಕೂಡ ದೊಡ್ಡದು. ನಿಮ್ಮ ಕೈಗೆ ಬಂದದ್ದು ಬಹುಶಃ ಸಣ್ಣ ಜಾತಿಯದು. ಅಳತೆ ಸರಿಯಿದ್ದೂ ಸಡಿಲವಾದರೆ ಸವೆದಿರುವುದು ರಂಧ್ರದ ಥ್ರೆಡ್. ಆಗ ರಂಧ್ರವನ್ನು ಒಂದು ಅಳತೆ ಹಿಗ್ಗಿಸಿ ಹೊಸ ಥ್ರೆಡ್ ಕೊರೆದು, ಅದಕ್ಕೆ ತಕ್ಕ ದಪ್ಪ ನಿಪ್ಪಲ್ ಹಾಕಬೇಕು. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಕುದುರೆ ಜಾರುವುದಕ್ಕೆ ಕಾರಣ ಲಾಕಿನ ಒಳಗಿದೆ. ಕುದುರೆಯ ಅಚ್ಚಿಗೆ ಕೂಡಿಕೊಂಡಿರುವ ಟಂಬ್ಲರ್ ಎಂಬ ಭಾಗದಲ್ಲಿ ಎರಡು ಕಚ್ಚುಗಳಿದ್ದು, ಸಿಯರ್ ಎಂಬ ಸನ್ನೆಯ ಮೂಗು ಅವುಗಳಲ್ಲಿ ಕೂರುತ್ತದೆ. ಅರ್ಧದ ಕಚ್ಚಿನ ತುಟಿ ಮುರಿದಿದೆ ಇಲ್ಲವೇ ಸಿಯರ್‌ನ ಮೂಗು ಸವೆದಿದೆ. ಅರ ಹಿಡಿದು ಕಚ್ಚನ್ನು ಆಳ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಈ ಭಾಗಗಳಲ್ಲಿ ಗಟ್ಟಿಯಾಗಿರುವುದು ಮೇಲಿನ ತೆಳು ಪದರ ಮಾತ್ರ. ಅದನ್ನು ಉಜ್ಜಿ ತೆಗೆದರೆ ಒಳಗಿನ ಮೆತ್ತನೆಯ ಕಬ್ಬಿಣ ಕೆಲವೇ ದಿನಗಳಲ್ಲಿ ಮತ್ತೆ ಸವೆಯುತ್ತದೆ.

ಹಳೆಯ ಲಾಕುಗಳ ಟಂಬ್ಲರ್, ಸಿಯರ್, ಕುದುರೆಗಳನ್ನು ಎರಕದ ರೂಪದಲ್ಲಿ ಮಾರುವವರಿದ್ದಾರೆ. ಅಮೆರಿಕದ ಓಕ್ಲಹೋಮಾದ ದಿ ರೈಫಲ್ ಶಾಪ್ ಇಂಥ ಎರಕಗಳಿಗೆ ಹೆಸರಾದದ್ದು. ಟೆನೆಸಿಯಲ್ಲಿ 1954ರಲ್ಲಿ ಆರಂಭವಾದ ಡಿಕ್ಸಿ ಗನ್ ವರ್ಕ್ಸ್ ಮತ್ತು ಮಿನೆಸೋಟದ ಟ್ರ್ಯಾಕ್ ಆಫ್ ದಿ ವುಲ್ಫ್ ನಿಪ್ಪಲ್, ತಿರುಪು, ಸ್ಪ್ರಿಂಗ್, ಗಜಗಳನ್ನು ಬಹುಕಾಲದಿಂದ ಮಾರಿಕೊಂಡು ಬಂದಿವೆ. ಎರಕ ಕೊಳ್ಳುವಾಗ ನೆನಪಿಡಿ: ಹಳೆಯ ಭಾಗವನ್ನೇ ಅಚ್ಚಾಗಿ ಬಳಸಿ ಎರೆದ ಲೋಹ ತಣ್ಣಗಾಗುವಾಗ ಕುಗ್ಗಿ, ಮೂಲಕ್ಕಿಂತ ಕೊಂಚ ಸಣ್ಣದಾಗಿರುತ್ತದೆ. ಅದು ಉಜ್ಜಿ, ರಂಧ್ರ ಕೊರೆದು, ಕೊನೆಗೆ ಗಟ್ಟಿಗೊಳಿಸಿ ಹಾಕಬೇಕಾದ ಕಚ್ಚಾ ವಸ್ತು. ಕೋವಿಯ ಬಿಡಿಭಾಗಗಳ ಆಮದಿಗೆ ನಿರ್ಬಂಧಗಳು ಇರುವುದರಿಂದ, ಹಣ ಕಳಿಸುವ ಮೊದಲೇ ಪರವಾನಗಿ ಅಧಿಕಾರಿಯನ್ನು ಲಿಖಿತವಾಗಿ ಕೇಳಿ.

ವಿಚಾರಿಸುವ ಪತ್ರದಲ್ಲಿ ‘ಹಳೆಯ ಎನ್‌ಫೀಲ್ಡ್’ ಎಂದಷ್ಟೇ ಬರೆದರೆ ನಿಮಗೆ ಮತ್ತೆ ಅಂಥದ್ದೇ ನಿಪ್ಪಲ್ ಬರುತ್ತದೆ. ಲಾಕಿನ ಒಳಮೈಯ ಚಿತ್ರವನ್ನು ಅಳತೆಪಟ್ಟಿಯ ಪಕ್ಕದಲ್ಲಿಟ್ಟು ತೆಗೆಯಿರಿ. ನಳಿಗೆಯ ಅಡಿಯ ಮುದ್ರೆಗಳ ಚಿತ್ರವನ್ನೂ ಥ್ರೆಡ್ಡಿನ ಎರಡೂ ಅಳತೆಗಳನ್ನೂ ಸೇರಿಸಿ. ಬಿಚ್ಚಿದ ಹಳೆಯ ಭಾಗಗಳನ್ನು, ಮುರಿದಿದ್ದರೂ ಸರಿ, ಚೀಟಿ ಕಟ್ಟಿ ಇಟ್ಟುಕೊಳ್ಳಿ. ಹೊಸದನ್ನು ಮಾಡುವವನಿಗೆ ಅದಕ್ಕಿಂತ ಒಳ್ಳೆಯ ನಕ್ಷೆ ಸಿಗುವುದಿಲ್ಲ. ಮುಂದೆಂದಾದರೂ ಕೋವಿಯನ್ನು ಪುರಾತನ ವಸ್ತುವಾಗಿ ಬೆಲೆ ಕಟ್ಟುವಾಗಲೂ ಅವು ಲೆಕ್ಕಕ್ಕೆ ಬರುತ್ತವೆ.

ಪ್ರಶ್ನೆ: ಇಂಥದೇ ಕೋವಿಯ ಮುಖ್ಯ ಸ್ಪ್ರಿಂಗ್ ಎರಡು ತುಂಡಾಗಿದೆ. ಬೆಸುಗೆ ಹಾಕಿಸಬಹುದೇ?

ಉತ್ತರ: ಬೇಡ. ಬೆಸುಗೆಯ ಬಿಸಿಗೆ ಉಕ್ಕಿನ ಹದ ಕೆಟ್ಟು, ಸ್ಪ್ರಿಂಗ್ ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಎರಡೂ ತುಂಡುಗಳನ್ನು ಕೊಟ್ಟು, ಹೆಚ್ಚು ಇಂಗಾಲವಿರುವ ಸ್ಪ್ರಿಂಗ್ ಉಕ್ಕಿನಲ್ಲಿ ಹೊಸದನ್ನು ಬಾಗಿಸಿ, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಕೊಡುವಂತೆ ಹೇಳಿ. ಅದನ್ನು ಕೂರಿಸುವಾಗ ಇಕ್ಕಳದ ಬದಲು ಸ್ಪ್ರಿಂಗ್ ಅದುಮುವ ಸಣ್ಣ ವೈಸ್ ಬಳಸಲಿ. ಸ್ಪ್ರಿಂಗುಗಳು ಮುರಿಯುವುದು ಹೊಡೆಯುವಾಗ ಆಗುವಷ್ಟೇ ಬಿಚ್ಚಿ ಹಾಕುವಾಗಲೂ ಆಗುತ್ತದೆ. ಕೇಪಿಲ್ಲದೆ ಬರಿದೇ ಕುದುರೆ ಹೊಡೆಸಿ ನೋಡುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಮೇಲಿನ ಓದುಗರ ನಿಪ್ಪಲ್‌ನ ಬಾಯಿ ಹಾಳಾದದ್ದು ಅದರಿಂದಲೇ ಇರಬಹುದು.