ಹಿಮಾಲಯಕ್ಕೆ ತಕ್ಕಡಿ ಒಯ್ದವರು ಯಾರು?

ಪ್ರಶ್ನೆ: ಹಿಮನದಿಗಳು ವರ್ಷಕ್ಕೆ ಇಷ್ಟು ಶತಕೋಟಿ ಟನ್ ಕರಗಿದವು ಎಂದು ಪತ್ರಿಕೆಗಳಲ್ಲಿ ಬರುತ್ತದೆ. ಉಪಗ್ರಹವೇ ತೂಗಿತಂತೆ. ಅಷ್ಟು ಎತ್ತರದಿಂದ ತೂಗುವುದು ಹೇಗೆ?
– ಓದುಗರೊಬ್ಬರು, ಸಾಗರ

ಉತ್ತರ: ಪಿಯುಸಿ ಮಕ್ಕಳಿಗೆ ಭೌತವಿಜ್ಞಾನ ಹೇಳುತ್ತಿದ್ದಾಗ ಇದಕ್ಕೆಂದೇ ಇಬ್ಬರು ಹುಡುಗರನ್ನು ಸೈಕಲ್ ಹತ್ತಿಸಿ, ತಗ್ಗಿದ್ದ ರಸ್ತೆಯಲ್ಲಿ ಒಬ್ಬರ ಹಿಂದೊಬ್ಬರನ್ನು ಬಿಟ್ಟಿದ್ದೆ. ಮುಂದಿನವನು ತಗ್ಗಿಗೆ ಮೊದಲು ಇಳಿದು ವೇಗ ಪಡೆದ. ನಡುವಿನ ಅಂತರ ಹಿಗ್ಗಿತು. ಅವನು ಏರು ಹತ್ತುವಾಗ ಹಿಂದಿನವನು ಇಳಿಯುತ್ತಿದ್ದ, ಅಂತರ ಕುಗ್ಗಿತು. ಅಂತರವನ್ನಷ್ಟೇ ಅಳೆದರೂ ತಗ್ಗು ಎಷ್ಟಿತ್ತೆಂದು ಹೇಳಬಹುದಿತ್ತು.

2002ರ ಮಾರ್ಚ್‌ನಲ್ಲಿ ಅಮೆರಿಕ ಮತ್ತು ಜರ್ಮನಿ ಹಾರಿಸಿದ ಗ್ರೇಸ್ ಎಂಬ ಉಪಗ್ರಹಗಳ ಜೋಡಿ ಮಾಡಿದ್ದೂ ಇದನ್ನೇ. ಸುಮಾರು 220 ಕಿ.ಮೀ. ಅಂತರದಲ್ಲಿ ಒಂದರ ಹಿಂದೊಂದು ಸುತ್ತುತ್ತ, ಆ ಅಂತರದ ಬದಲಾವಣೆಯನ್ನು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಲೆಕ್ಕದಲ್ಲಿ ಹಿಡಿದವು. ಕೆಳಗೆ ದ್ರವ್ಯರಾಶಿ ಹೆಚ್ಚಿದ್ದಲ್ಲಿ ಸೆಳೆತ ಹೆಚ್ಚು, ಉಪಗ್ರಹಗಳಿಗೆ ಅದೇ ರಸ್ತೆಯ ತಗ್ಗು. ತಿಂಗಳಿಂದ ತಿಂಗಳಿಗೆ ಸೆಳೆತ ಇಳಿದರೆ ಅಲ್ಲಿಂದ ಏನೋ ಹೋಗಿದೆ ಎಂದರ್ಥ. 2018ರಿಂದ ಈ ಕೆಲಸ ಅದರ ಮುಂದಿನ ಗ್ರೇಸ್-ಎಫ್‌ಒ ಜೋಡಿಯದು.

ಆದರೆ ಹೋದದ್ದು ಏನು? ಉಪಗ್ರಹಕ್ಕೆ ಮಂಜು, ನೀರು, ಕಲ್ಲು ಎಲ್ಲವೂ ಒಂದೇ. ಗ್ರೀನ್‌ಲ್ಯಾಂಡ್‌ನಲ್ಲಿ ಇದು ದೊಡ್ಡ ತೊಡಕಲ್ಲ. ಅಲ್ಲಿ ವರ್ಷಕ್ಕೆ ಸರಾಸರಿ 270 ಶತಕೋಟಿ ಟನ್ನಿನಷ್ಟು ನಷ್ಟ, ಗುರುತು ಎದ್ದು ಕಾಣುತ್ತದೆ. ನಮ್ಮ ಹಿಮಾಲಯದ ಕಥೆ ಬೇರೆ. ಗ್ರೇಸ್‌ನ ನೋಟ ಮಸುಕು ಮಸುಕು, ಸುಮಾರು 300 ಕಿ.ಮೀ.ಗಿಂತ ಚಿಕ್ಕದನ್ನು ಬಿಡಿಸಿ ನೋಡಲಾರದು. ಬೆಟ್ಟದ ಕೆಳಗೇ ಪಂಜಾಬ್, ಹರಿಯಾಣಗಳ ಬೋರ್‌ವೆಲ್‌ಗಳಿವೆ. ರಾಜಸ್ಥಾನವೂ ಸೇರಿ ಆ ರಾಜ್ಯಗಳ ನೆಲದಡಿಯಿಂದ 2002–08ರಲ್ಲಿ 109 ಘನ ಕಿ.ಮೀ. ನೀರು ಖಾಲಿಯಾಗಿದ್ದನ್ನು ತೋರಿಸಿದ್ದೂ ಇದೇ ಗ್ರೇಸ್. ಗದ್ದೆಗೆ ಎತ್ತಿದ ನೀರನ್ನು ಕರಗಿದ ಮಂಜೆಂದು ಎಣಿಸಿದರೆ ಲೆಕ್ಕವೇ ತಪ್ಪುತ್ತದೆ.

2012ರಲ್ಲಿ ಆ ನೀರಿನ ಪಾಲನ್ನು ಕಳೆದು ನೋಡಿದವರಿಗೆ ಏಷ್ಯಾದ ಎತ್ತರದ ಪರ್ವತಗಳಲ್ಲಿ ಸಿಕ್ಕ ನಷ್ಟ ವರ್ಷಕ್ಕೆ 4 ಶತಕೋಟಿ ಟನ್, ಅದೂ 20 ಶತಕೋಟಿ ಟನ್ನಿನಷ್ಟು ಅತ್ತ ಅಥವಾ ಇತ್ತ ಇರಬಹುದೆಂಬ ಷರತ್ತಿನೊಂದಿಗೆ! ಆ 20ನ್ನು ಮುಚ್ಚಿಡದೆ ಬರೆದರಲ್ಲ, ಅದಕ್ಕೇ ಆ ಕೆಲಸದ ಮೇಲೆ ನನಗೆ ಗೌರವ. "ಹಿಮಾಲಯ ಕರಗುತ್ತಿಲ್ಲ" ಎಂದು ಸುದ್ದಿ ಮಾಡಿದವರು ಓದದೆ ಬಿಟ್ಟದ್ದು ಅದನ್ನೇ. ಮುಂದೆ ಉಪಗ್ರಹ ಚಿತ್ರಗಳಿಂದ ಹಿಮದ ಎತ್ತರವನ್ನೇ ಹೋಲಿಸಿದಾಗ, 2000–2016ರ ಅವಧಿಗೆ ವರ್ಷಕ್ಕೆ 16 ಶತಕೋಟಿ ಟನ್ನಿನ ನಷ್ಟ ಕಂಡಿತು.

ತಕ್ಕಡಿ ಒಯ್ದವರೂ ಇದ್ದಾರೆ. ಹಿಮಾಚಲದ ಛೋಟಾ ಶಿಗ್ರಿ ಹಿಮನದಿಗೆ 2002ರಿಂದ ಸಂಶೋಧಕರು ನಡೆದು ಹೋಗಿ, ಮಂಜಿನಲ್ಲಿ ಬಿದಿರುಕೋಲು ಹುಗಿದು, ಮತ್ತೆ ಹೋದಾಗ ಅದು ಎಷ್ಟು ಮೇಲೆ ಕಾಣುತ್ತಿದೆ ಎಂದು ಅಳೆಯುತ್ತಾರೆ.