ನೋಟ್ಸ್ ಇದೆ, ಪಾಠ ಎಲ್ಲಿ ಹೋಯಿತು?

ಪ್ರಶ್ನೆ: ಮೇಡಂ, ನಾನು ಬಿಎಸ್ಸಿ ಮೂರನೇ ಸೆಮಿಸ್ಟರ್. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮಾಧ್ಯಮ. ಒಂದು ಕ್ಲಾಸೂ ತಪ್ಪಿಸುವುದಿಲ್ಲ. ಸರ್ ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಬರೆದುಕೊಳ್ಳುತ್ತೇನೆ. ನನ್ನ ನೋಟ್ಸನ್ನೇ ಗೆಳತಿಯರು ಜೆರಾಕ್ಸ್ ಮಾಡಿಸಿಕೊಳ್ಳುತ್ತಾರೆ. ಆದರೆ ರಾತ್ರಿ ತೆಗೆದು ನೋಡಿದರೆ ನನಗೇ ಏನೂ ಅರ್ಥವಾಗುವುದಿಲ್ಲ. ಆರ್ಗ್ಯಾನಿಕ್ ಕೆಮಿಸ್ಟ್ರಿಯಂತೂ ಪೂರ್ತಿ ಕತ್ತಲು. ಇಂಟರ್ನಲ್ಸ್‌ನಲ್ಲಿ ಅವರಿಗೆಲ್ಲ ನನಗಿಂತ ಜಾಸ್ತಿ ಅಂಕ ಬಂದಿದೆ. ಒಂದು ಪುಟದ ಜೆರಾಕ್ಸ್ ಕಳಿಸಿದ್ದೇನೆ, ನೋಡಿ.
– ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ನಿನ್ನನ್ನು ‘ನೀನು’ ಎಂದೇ ಕರೆಯುತ್ತೇನಮ್ಮ. ನಿವೃತ್ತಿಯಾಗುವವರೆಗೂ ಕೆಮಿಸ್ಟ್ರಿ ಪಾಠ ಮಾಡಿದವಳು, ಮಕ್ಕಳನ್ನು ಬೇರೆ ರೀತಿ ಕರೆದು ಅಭ್ಯಾಸವಿಲ್ಲ.

ಪುಟ ನೋಡಿದೆ. ಮುತ್ತಿನಂಥ ಅಕ್ಷರ. ಎಡಗಡೆ ಎಸ್‌ಎನ್1, ಬಲಗಡೆ ಎಸ್‌ಎನ್2, ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಅಣುವಿನಲ್ಲಿ ಒಂದು ಗುಂಪು ಹೋಗಿ ಅದರ ಜಾಗಕ್ಕೆ ಇನ್ನೊಂದು ಬರುವ ಎರಡು ದಾರಿಗಳು ಇವು. ‘ಎರಡು ಹಂತ’, ‘ಒಂದೇ ಹಂತ’. ‘ಕಾರ್ಬೊಕ್ಯಾಟಯಾನ್ (ಪ್ಲಸ್ ಚಾರ್ಜಿನ ಕಾರ್ಬನ್) ಉಂಟು’, ‘ಇಲ್ಲ’. ಒಂದು ತಪ್ಪೂ ಇಲ್ಲ. ಆದರೆ ಇಡೀ ಪುಟದಲ್ಲಿ ‘ಯಾಕೆ’ ಅನ್ನುವುದು ಒಂದು ಕಡೆಯೂ ಇಲ್ಲ. ನಿಮ್ಮ ಸರ್ ಅದನ್ನು ಹೇಳಿಯೇ ಇರುತ್ತಾರೆ. ಬಾಯಲ್ಲಿ ಹೇಳಿರುತ್ತಾರೆ, ಬೋರ್ಡಿನ ಮೇಲೆ ಬರೆದಿರುವುದಿಲ್ಲ. ಆ ಹೊತ್ತಿಗೆ ನೀನು ತಲೆ ಬಗ್ಗಿಸಿ ಹಿಂದಿನ ಸಾಲು ಬರೆಯುತ್ತಿದ್ದೆ. ನಿನ್ನ ಗೆಳತಿಯರು ಕೈ ಕಟ್ಟಿ ಕೂತು ಕೇಳಿಸಿಕೊಂಡರು, ಆಮೇಲೆ ನಿನ್ನ ನೋಟ್ಸೂ ತಗೊಂಡರು. ಅವರಿಗೆ ಎರಡೂ ಸಿಕ್ಕಿತು, ನಿನಗೆ ಒಂದೇ.

ಆ ‘ಯಾಕೆ’ ಏನು ಅಂತ ಇಲ್ಲೇ ಹೇಳಿಬಿಡುತ್ತೇನೆ. ಮಿಥೈಲ್ ಬ್ರೋಮೈಡ್ ತಗೋ. ಕಾರ್ಬನ್ ಸುತ್ತ ಮೂರು ಪುಟ್ಟ ಹೈಡ್ರೋಜನ್. ಹಿಂಬದಿ ಖಾಲಿ. ಹೈಡ್ರಾಕ್ಸೈಡ್ ಹಿಂದಿನಿಂದ ಬಂದು ಕಾರ್ಬನ್ನನ್ನು ಹಿಡಿಯುತ್ತದೆ, ಅದೇ ಹೊತ್ತಿಗೆ ಬ್ರೋಮೈಡ್ ಮುಂದಿನಿಂದ ಕಳಚಿಕೊಳ್ಳುತ್ತದೆ. ಇದೇ ಎಸ್‌ಎನ್2. ಕೆಲಸ ಆಗಲು ಇಬ್ಬರೂ ಬೇಕು. ಅದಕ್ಕೇ ಹೈಡ್ರಾಕ್ಸೈಡ್ ಎರಡರಷ್ಟು ಮಾಡಿದರೆ ವೇಗವೂ ಎರಡರಷ್ಟಾಗುತ್ತದೆ. ಈಗ ಟರ್ಷರಿ ಬ್ಯುಟೈಲ್ ಬ್ರೋಮೈಡ್ ನೋಡು. ಹೈಡ್ರೋಜನ್ ಇದ್ದ ಜಾಗದಲ್ಲೆಲ್ಲ ದಪ್ಪ ದಪ್ಪ ಮಿಥೈಲ್ ಗುಂಪು ಕೂತಿವೆ. ಹಿಂದಿನ ದಾರಿ ಮುಚ್ಚಿಹೋಯಿತು. ಬ್ರೋಮೈಡ್ ತಾನಾಗಿ ಬಿಟ್ಟುಹೋಗುವ ತನಕ ಕಾಯಲೇಬೇಕು. ಅದು ಹೋದಮೇಲೆ ಉಳಿಯುವ ಪ್ಲಸ್ ಚಾರ್ಜಿನ ಕಾರ್ಬನ್ನಿಗೆ ಅದೇ ಮೂರು ಮಿಥೈಲ್‌ಗಳು ಆಸರೆ ಕೊಡುತ್ತವೆ. ಈ ನಿಧಾನದ ಹಂತದಲ್ಲಿ ಹೈಡ್ರಾಕ್ಸೈಡ್‌ಗೆ ಕೆಲಸವೇ ಇಲ್ಲ. ಅದನ್ನು ಜಾಸ್ತಿ ಹಾಕಿದರೂ ವೇಗ ಹೆಚ್ಚುವುದಿಲ್ಲ. ಇದೇ ಎಸ್‌ಎನ್1.

1930ರ ದಶಕದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಹ್ಯೂಸ್ ಮತ್ತು ಇಂಗೋಲ್ಡ್ ಹೀಗೆ ವೇಗ ಅಳೆದು ಅಳೆದೇ ಈ ಎರಡು ದಾರಿಗಳನ್ನು ಬೇರೆ ಮಾಡಿದ್ದು. ನಿಧಾನದ ಹಂತದಲ್ಲಿ ಎಷ್ಟು ಅಣುಗಳು ಪಾಲುಗೊಳ್ಳುತ್ತವೆ ಅನ್ನುವುದನ್ನು ಆ 1 ಮತ್ತು 2 ಹೇಳುತ್ತವೆ. ಅದನ್ನು ಹಂತಗಳ ಲೆಕ್ಕ ಅಂತ ತಿಳಿದು ಎಷ್ಟೋ ಮಕ್ಕಳು ಪರೀಕ್ಷೆಯಲ್ಲಿ ತಿರುಗಾಮುರುಗಾ ಬರೆಯುತ್ತಾರೆ. ಈಗ ನಿನ್ನ ಪುಟ ಮತ್ತೊಮ್ಮೆ ತೆಗೆದು ನೋಡು. ಅಲ್ಲಿರುವ ಒಂದೊಂದು ಸಾಲೂ ಈ ಕಾರಣದಿಂದಲೇ ಹುಟ್ಟುತ್ತದೆ, ಬಾಯಿಪಾಠ ಮಾಡುವುದು ಏನೂ ಉಳಿಯುವುದಿಲ್ಲ, ಅಲ್ವಾ?

ಪಟ್ಟಿ, ಫಾರ್ಮುಲಾ, ವ್ಯಾಖ್ಯೆ ಎಲ್ಲ ಟೆಕ್ಸ್ಟ್‌ಬುಕ್ಕಿನಲ್ಲಿ ಸಿಗುತ್ತದೆ. ಮೇಷ್ಟರು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೇಗೆ ದಾಟಿದರು ಅನ್ನುವುದು ಕ್ಲಾಸಿನಲ್ಲಿ ಮಾತ್ರ ಸಿಗುವುದು. ಅದಕ್ಕೆ ಕಿವಿ ಕೊಡು. ಅವರು ಚಾಕ್‌ಪೀಸ್ ಕೆಳಗಿಟ್ಟು ನಿಮ್ಮ ಕಡೆ ತಿರುಗಿದರು ಅಂದರೆ ನೀನೂ ಪೆನ್ನು ಕೆಳಗಿಡು. ‘ಆದ್ದರಿಂದ’, ‘ಇಲ್ಲಿ ಒಂದು ತೊಂದರೆ ಇದೆ’, ‘ಹೀಗಲ್ಲದೆ ಬೇರೆ ಆಗಿದ್ದರೆ’ ಅನ್ನುವ ಮಾತು ಬಂದ ಕೂಡಲೇ ಮೈಯೆಲ್ಲ ಕಿವಿಯಾಗಬೇಕು.

ಲಾಂಗ್ ನೋಟ್‌ಬುಕ್ಕಿನಲ್ಲಿ ಪುಟದ ಎಡಗಡೆ ಎರಡೂವರೆ ಇಂಚು ಬಿಟ್ಟು ಗೆರೆ ಎಳೆದುಕೋ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಪಾಕ್ ಎಂಬ ಮೇಷ್ಟರು 1950ರ ದಶಕದಲ್ಲಿ ರೂಢಿಗೆ ತಂದ ಕ್ರಮ ಇದು. ನಾನು ನನ್ನ ಮಕ್ಕಳಿಗೆ ಅದನ್ನು ಸ್ವಲ್ಪ ಬದಲಾಯಿಸಿ ಹೇಳಿಕೊಡುತ್ತಿದ್ದೆ. ಬಲಗಡೆ ಬೋರ್ಡಿನದು, ಅದೂ ಮುಖ್ಯವಾದದ್ದಷ್ಟೇ. ಎಡಗಡೆ ಕಾರಣ, ಕನ್ನಡದಲ್ಲಿ. ಹೌದು, ಕನ್ನಡದಲ್ಲೇ. ‘ಹಿಂದಿನ ದಾರಿ ಮುಚ್ಚಿದೆ, ಬ್ರೋಮೈಡ್ ಹೋಗಲಿ ಅಂತ ಕಾಯಬೇಕು’ ಅಂತ ಬರೆದುಕೊಳ್ಳಲು ನಿನಗೆ ಎಷ್ಟು ಹೊತ್ತು ಬೇಕು? ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೊಂದಿಸಲು ಹೋದರೆ ಅಷ್ಟರಲ್ಲಿ ಸರ್ ಮುಂದಕ್ಕೆ ಹೋಗಿರುತ್ತಾರೆ. ಪಾರಿಭಾಷಿಕ ಪದಗಳು ಮಾತ್ರ ಇಂಗ್ಲಿಷಿನಲ್ಲಿರಲಿ, ಉತ್ತರ ಪತ್ರಿಕೆಯಲ್ಲಿ ಅವು ಬೇಕು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಕ್ಲಾಸಿನಲ್ಲಿ ಯೋಚನೆಯನ್ನೂ ಇಂಗ್ಲಿಷಿನಲ್ಲೇ ಮಾಡಬೇಕು ಅಂತ ಒದ್ದಾಡುವುದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತಿತ್ತು. ಅರ್ಥ ಮೊದಲು ಆಗಲಿ. ಭಾಷೆ ಆಮೇಲೆ ಕೂಡಿಕೊಳ್ಳುತ್ತದೆ.

ಕ್ಲಾಸಿಗೆ ಹೋಗುವ ಮುಂಚೆ ಹತ್ತು ನಿಮಿಷ ಆ ದಿನದ ಅಧ್ಯಾಯ ತೆರೆದು ಶೀರ್ಷಿಕೆ, ಚಿತ್ರ ಅಷ್ಟೇ ನೋಡು. ಉದ್ದ ಉದ್ದದ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗ ಗಾಬರಿಯಾಗುವುದು ತಪ್ಪುತ್ತದೆ.

ಸಂಜೆಯದು ಇನ್ನೂ ಮುಖ್ಯ. ಅದೇ ದಿನ ಸಂಜೆ, ನೋಟ್ಸ್ ಮುಚ್ಚಿಟ್ಟು, ಯಾವುದಾದರೂ ಹಳೆ ಹಾಳೆಯ ಹಿಂದೆ ಇವತ್ತಿನ ಪಾಠವನ್ನು ನೆನಪಿನಿಂದ ಬರೆ. ಸಿಕ್ಕಿಹಾಕಿಕೊಂಡ ಜಾಗದಲ್ಲಿ ಒಂದು ಗುರುತು ಹಾಕು. ಆಮೇಲೆ ನೋಟ್ಸ್ ತೆಗೆ. ಮತ್ತೆ ಮತ್ತೆ ಓದಿದರೆ ಸಾಲದೇ ಅಂತ ನೀನು ಕೇಳಬಹುದು. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕಿ ಇದನ್ನೇ ಪರೀಕ್ಷಿಸಿದರು. ಒಂದು ಪಾಠವನ್ನು ಕೆಲವರು ಎರಡು ಸಲ ಓದಿದರು. ಉಳಿದವರು ಒಂದು ಸಲ ಓದಿ, ಒಂದು ಸಲ ನೋಡದೆ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಓದಿದವರ ನೆನಪಿನಲ್ಲಿದ್ದದ್ದು ಶೇ 42, ಬರೆದವರ ನೆನಪಿನಲ್ಲಿದ್ದದ್ದು ಶೇ 56. ಓದಿದ ತಕ್ಷಣ ‘ಬಂತು, ಬಂತು’ ಅನಿಸುವುದನ್ನು ಅದಕ್ಕೇ ನಂಬಬೇಡ. ಪರೀಕ್ಷೆ ಐದು ನಿಮಿಷಕ್ಕೆ ಇರುವುದಿಲ್ಲವಲ್ಲ.

ಗುರುತು ಹಾಕಿದ ಜಾಗಗಳನ್ನು ಮಾರನೇ ದಿನ ಸರ್ ಹತ್ತಿರ ತಗೊಂಡು ಹೋಗು. ‘ಸರ್, ಅರ್ಥ ಆಗಲಿಲ್ಲ’ ಅಂದರೆ ಅವರು ಎಲ್ಲಿಂದ ಶುರು ಮಾಡಬೇಕು, ಪಾಪ? ‘ಸರ್, ಬ್ರೋಮೈಡ್ ಹೋಗುವವರೆಗೂ ಸರಿ, ಮಿಥೈಲ್ ಹೇಗೆ ಆಸರೆ ಕೊಡುತ್ತೆ?’ ಅಂತ ಕೇಳಿ ನೋಡು. ಎರಡೇ ನಿಮಿಷದಲ್ಲಿ ಬಿಡಿಸಿ ಹೇಳುತ್ತಾರೆ.

ಪ್ರಶ್ನೆ: ನಮ್ಮ ಲೆಕ್ಚರರ್ ಪಿಪಿಟಿ ಹಾಕಿಕೊಂಡು ಅದನ್ನೇ ಓದುತ್ತಾರೆ. ಪಿಡಿಎಫ್ ವಾಟ್ಸ್ಆಪ್‌ಗೂ ಬರುತ್ತೆ. ಕ್ಲಾಸ್ ಬಿಟ್ಟು ಆನ್‌ಲೈನಿನಲ್ಲಿ ಎನ್‌ಪಿಟಿಇಎಲ್ ವಿಡಿಯೋ ಪಾಠ ನೋಡಿದರೆ ಆಗಲ್ವಾ?
– ಬಿಕಾಂ ವಿದ್ಯಾರ್ಥಿ, ಧಾರವಾಡ

ಉತ್ತರ: ಬರೀ ಓದಿ ಹೋಗುವವರು ಇದ್ದಾರೆ. ಮಕ್ಕಳಿಗೆ ಅದು ಅನ್ಯಾಯ ಅಂತ ನಾನು ಸ್ಟಾಫ್ ರೂಮಿನಲ್ಲೂ ಹೇಳುತ್ತಿದ್ದೆ. ಆದರೂ ಕ್ಲಾಸು ಬಿಡಬೇಡ. ಪಿಡಿಎಫ್ ಪ್ರಿಂಟ್ ತೆಗೆಸಿಕೊಂಡು ಹೋಗು, ಅದರಲ್ಲಿ ಇಲ್ಲದ ಮಾತು ಅವರ ಬಾಯಿಂದ ಬಂದಾಗ ಮಾತ್ರ ಪಕ್ಕದಲ್ಲಿ ಬರೆದುಕೋ. ಒಂದು ಉದಾಹರಣೆ ಕೊಡಿ ಸರ್ ಅಂತ ಕೇಳು. ಸ್ಲೈಡಿನಲ್ಲಿ ಇಲ್ಲದ ಉದಾಹರಣೆ ಕೊಡಬೇಕಾದರೆ ಬೋರ್ಡಿನ ಹತ್ತಿರ ಹೋಗಲೇಬೇಕಾಗುತ್ತದೆ. ಪಾಠ ಶುರುವಾಗುವುದು ಆಗ.

ಎನ್‌ಪಿಟಿಇಎಲ್ ಒಳ್ಳೆಯದು. ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಐಐಎಸ್ಸಿ ಸೇರಿ 2003ರಲ್ಲಿ ಶುರು ಮಾಡಿದ್ದು, ನೋಡಲು ದುಡ್ಡು ಕೊಡಬೇಕಿಲ್ಲ. ಆದರೆ ಅವರ ಸಿಲೆಬಸ್ ಬೇರೆ, ನಿಮ್ಮ ಸಿಲೆಬಸ್ ಬೇರೆ. ಕ್ಲಾಸಿನಲ್ಲಿ ಎಲ್ಲಿ ಎಡವಿದೆಯೋ ಆ ಭಾಗದ ವಿಡಿಯೋ ಹುಡುಕಿ ನೋಡು, ನಿಲ್ಲಿಸಿ ನಿಲ್ಲಿಸಿ ನೋಡು. ಮೊಬೈಲಿನಲ್ಲಿ ಸ್ಲೈಡಿನ ಫೋಟೊ ತೆಗೆಯುವುದನ್ನು ಮಾತ್ರ ಬಿಡು. ಪಿಡಿಎಫ್ ಬರುತ್ತೆ ಅಂದೆಯಲ್ಲ, ಮತ್ತೆ ಫೋಟೊ ಯಾಕೆ?

ಪ್ರಶ್ನೆ: ಮಗಳು ದಿನಾ ಹಳ್ಳಿಯಿಂದ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಮೊದಲ ಪೀರಿಯಡ್ಡಿನ ಕಾಲು ಗಂಟೆ ತಪ್ಪಿಯೇ ಹೋಗುತ್ತದೆ. ಸಂಕೋಚದಿಂದ ಹಿಂದಿನ ಬೆಂಚಿನಲ್ಲಿ ಕೂರುತ್ತಾಳಂತೆ. ‘75 ಪರ್ಸೆಂಟ್ ಅಟೆಂಡೆನ್ಸ್ ಇದ್ದರೆ ಸಾಕಮ್ಮ’ ಅನ್ನುತ್ತಾಳೆ.
– ಓದುಗರು, ತರೀಕೆರೆ

ಉತ್ತರ: ಆ ಕಾಲು ಗಂಟೆಯಲ್ಲೇ ಇವತ್ತು ಏನು ಮಾಡುತ್ತೇವೆ, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವು ಅಂತ ಹೇಳುವುದು. ಅದು ತಪ್ಪಿದರೆ ಉಳಿದದ್ದು ಬುಡ ಇಲ್ಲದ ಮಾತಾಗುತ್ತದೆ. ಬಸ್ಸು ಬೇಗ ಬರುವಂತೆ ಮಾಡಲು ನಿಮ್ಮಿಂದಾಗದು, ನಿಜ. ಹಾಗಾಗಿ ಬಸ್ಸಿನಲ್ಲಿ ಕೂತಾಗ ನಿನ್ನೆಯ ಕೊನೆಯ ಪುಟ ತೆಗೆದು ನೋಡಲಿ. ಬೇಗ ಬರುವ ಗೆಳತಿಯೊಬ್ಬಳಿಗೆ ಹೇಳಿಟ್ಟಿರಲಿ, ಆ ಹುಡುಗಿ ಇವತ್ತಿನ ವಿಷಯ ಏನು ಅಂತ ನೋಟ್‌ಬುಕ್ಕಿನ ಮೇಲ್ತುದಿಯಲ್ಲಿ ಎರಡು ಸಾಲು ಬರೆದಿಟ್ಟರೆ ಸಾಕು. ಜಾಗವನ್ನೂ ಹಿಡಿದಿಡಲಿ, ಬಾಗಿಲ ಕಡೆಯ ಸಾಲಿನಲ್ಲಿ, ಮುಂದೆ. ಹಿಂದೆ ಕೂತರೆ ಫ್ಯಾನಿನ ಸದ್ದು, ಮುಂದಿನವರ ಪಿಸುಮಾತಿನ ನಡುವೆ ಅರ್ಧ ಮಾತು ಕೇಳಿಸುವುದೇ ಇಲ್ಲ.

75 ಅನ್ನುವುದು ಪರೀಕ್ಷೆಗೆ ಕೂರಲು ಬೇಕಾದ ಲೆಕ್ಕ ಅಷ್ಟೇ. ಅವಳಿಗೆ ಬೈಯಬೇಡಿ. ತಡವಾಗಿ ಬಂದಾಗೆಲ್ಲ ಎಲ್ಲರೂ ತಿರುಗಿ ನೋಡುತ್ತಾರೆ ಅನ್ನುವ ಮುಜುಗರದಿಂದ ಮಕ್ಕಳು ಹಾಗೆ ಹೇಳುತ್ತಾರೆ. ಮೊದಲ ಪೀರಿಯಡ್ ತಗೊಳ್ಳುವವರ ಹತ್ತಿರ ಅವಳೇ ಹೋಗಿ, ಬಸ್ಸು ಊರು ಬಿಡುವ ಸಮಯ, ಸ್ಟ್ಯಾಂಡಿಗೆ ಬರುವ ಸಮಯ ಹೇಳಿ, ಒಳಗೆ ಬರುವಾಗ ಸುಮ್ನೆ ಬಂದು ಕೂರಬಹುದೇ ಅಂತ ಕೇಳಲಿ. ಬೇಡ ಅನ್ನುವ ಮೇಷ್ಟರು ಕಡಿಮೆ. ಈ ವಾರವೇ ಕೇಳಲಿ, ಅಟೆಂಡೆನ್ಸ್ ಕೊರತೆಯ ಪಟ್ಟಿ ನೋಟಿಸ್ ಬೋರ್ಡಿಗೆ ಬಂದ ಮೇಲಲ್ಲ.